ಅಮ್ಮನ ಟೇಪಿನಲ್ಲಿ ನಿನ್ನ ದನಿ

ಸಡ್‌ಬರಿ, ಮಾರ್ಚ್ 2004

ಅಪ್ಪ,

ಮುಷ್ಕರ ಮುರಿದು ಗಣಿಗೆ ಇಳಿದವನು ಅಪ್ಪನಾದರೂ ದ್ರೋಹಿಯೇ ಎಂದು ಕಾರ್ಮಿಕ ಸಂಘದ ಕರಪತ್ರದಲ್ಲಿ ಬರೆದವಳು ನಾನೇ. ಈಗಲೂ ಅದನ್ನೇ ನಂಬುತ್ತೇನೆ.

ಅಮ್ಮನ ಕೊನೆಯ ಬೇಸಿಗೆಯ ಟೇಪನ್ನು ಡಿವಿಡಿ ಮಾಡಿ ಇದರೊಂದಿಗೆ ಕಳಿಸಿದ್ದೇನೆ. ಕ್ಯಾಮೆರಾ ಸದ್ದನ್ನು ಮೂವತ್ತೆರಡು ಕಿಲೋಹರ್ಟ್ಸ್‌ನಲ್ಲಿ ಹಿಡಿದಿತ್ತು, ಡಿವಿಡಿಗೆ ನಲವತ್ತೆಂಟು ಬೇಕು. ಅದನ್ನು ಬದಲಿಸದೆ ಹಾಕಿದಾಗ ಅಮ್ಮ ಕೀರಲು ದನಿಯಲ್ಲಿ, ಎಲ್ಲಿಗೋ ಹೊರಟವಳಂತೆ ಅವಸರವಾಗಿ ಮಾತಾಡಿದಳು. ಮೂರು ಸಂಜೆ ಕೂತು ಸರಿಮಾಡಿದೆ.

ನಿನ್ನ ದನಿಯನ್ನು ಅಳಿಸಬೇಕೆಂದಿದ್ದೆ. ಚಿತ್ರ ತೆಗೆದವನು ನೀನು, ಎಲ್ಲೂ ಕಾಣಿಸುವುದಿಲ್ಲ, ಸುಲಭ ಅಂದುಕೊಂಡೆ. ಆದರೆ ನೀನು "ಹೊಟ್ಟೆ ಒಳಗೆ ಎಳ್ಕೊಳ್ಳೇ ಮಹಾರಾಣಿ" ಅನ್ನದಿದ್ದರೆ ಅವಳು "ನಿಂದು ಮೊದಲು ನೋಡ್ಕೋ ಮುದುಕ" ಎಂದು ನಗುವುದೇ ಇಲ್ಲ. ಅಳಿಸಿ ನೋಡಿದೆ. ಸರೋವರದ ದಡದಲ್ಲಿ ಅವಳೊಬ್ಬಳೇ ಯಾರಿಗೋ ನಗುತ್ತಿದ್ದಳು. ನಿನ್ನ ದನಿಯನ್ನು ಮತ್ತೆ ಸೇರಿಸಿದೆ.

ಒಂದು ಕೇಳಬೇಕು. ಕೊನೆಯಲ್ಲಿ ಅವಳು ಕ್ಯಾಮೆರಾದ ಹತ್ತಿರ ಬಂದು ನಿನಗೇನೋ ಪಿಸುಗುಡುತ್ತಾಳೆ. ಗಾಳಿಯ ಸದ್ದಿನಲ್ಲಿ ನನ್ನ ಹೆಸರೊಂದು ಬಿಟ್ಟು ಬೇರೇನೂ ಕೇಳುವುದಿಲ್ಲ. ಬರೆದು ಕಳಿಸಬೇಡ, ನಿನ್ನ ಅಕ್ಷರ ನನಗೆ ಓದಲಾಗದು. ಭಾನುವಾರ ಸಂಘದ ಕಚೇರಿ ಮುಚ್ಚಿರುತ್ತದೆ, ಮನೆಯಲ್ಲೇ ಇರುತ್ತೇನೆ. ಫೋನು ಮಾಡಿ ಹೇಳು.

ಹೆಲ್ಮಿ