ಬರತೇನಿ ಅನ್ನುವ ಮಾತು

ರಾಮದುರ್ಗ
೧೧ ನವೆಂಬರ್ ೨೦೨೫, ಮಂಗಳವಾರ

ಚಿರಂಜೀವಿ ನಿಂಗರಾಜನಿಗೆ ನಿನ್ನವ್ವನ ತುಂಬು ಆಶೀರ್ವಾದ.

ಆರಾಮ ಇದ್ದೀಯಾ? ಬಂದರಿನ ಕ್ರೇನು ಹತ್ತಿ ಇಳಿದು ಬೆನ್ನು ಹಿಡಿದಿದೆ ಎಂದಿದ್ದೆ. ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ಇಲ್ಲಿ ನಾನು, ನಿನ್ನ ಹೆಂಡತಿ ಶೀತಲ, ಮಾಯವ್ವ ಮೂವರೂ ಚೆನ್ನಾಗಿದ್ದೇವೆ. ಫೋನು ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ಏನು ಮಾತಾಡಿದರೂ ಆ ಹುಡುಗಿ ಮಾಯವ್ವನ ಕಿವಿ ಬಾಗಿಲ ಹಿಂದೆಯೇ ಇರುತ್ತದೆ.

ನೀವಿಬ್ಬರೂ ಬಾಲಮಂದಿರದಿಂದ ಅವಳನ್ನು ಸಾಕಲು ಕರೆತಂದು ಐದು ತಿಂಗಳಾಯಿತು. ನೀನು ಹದಿನೈದು ದಿನ ಇದ್ದು ಹೋದೆ, ಆಮೇಲಿನದನ್ನು ನಿನ್ನಿಂದ ಮುಚ್ಚಿಟ್ಟಿದ್ದೆವು. ಶಾಲೆಗೆ ಹೊರಡುವಾಗ ಅವಳು ಬರೀ ‘ಹೋಗತೇನಿ’ ಎನ್ನುತ್ತಿದ್ದಳು. ಮನೆಯಿಂದ ಹೊರಡುವವರು ಹಾಗನ್ನಬಹುದೇ? ಮೂವತ್ತು ವರ್ಷ ಶಾಲೆ ಕಲಿಸಿದ ನಾಲಿಗೆ ನನ್ನದು; ‘ಹೋಗಿ ಬರತೇನಿ ಅನ್ನು’ ಎಂದು ದಿನಾ ತಿದ್ದಿದೆ. ಹುಡುಗಿ ಶಾಲೆಯನ್ನೇ ಬಿಟ್ಟಳು. ಶೀತಲ ಸಂತೆಗೆ ಹೊರಟು ‘ಬರತೇನಿ ಮಾಯಾ’ ಎಂದರೆ ಸಾಕು, ತಿಂದದ್ದೆಲ್ಲ ವಾಂತಿ. ದೃಷ್ಟಿ ತೆಗೆದೆ, ದಾರ ಕಟ್ಟಿಸಿದೆ. ಈ ತಿಂಗಳ ಕೊನೆಗೆ ಮಕ್ಕಳ ಕಲ್ಯಾಣ ಸಮಿತಿಯವರು ನೋಡಲು ಬರುತ್ತಾರೆ, ಹೊಂದಿಕೊಂಡಿಲ್ಲ ಅನ್ನಿಸಿದರೆ ಅವಳನ್ನು ವಾಪಸು ಕರೆದೊಯ್ಯುತ್ತಾರೆ. ಆ ಹೆದರಿಕೆಗೆ ನಾನೂ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ.

ಗಂಟು ಬಿಡಿಸಿದವಳು ಬಾಲಮಂದಿರದ ಆಪ್ತ ಸಲಹೆಗಾರ್ತಿ ಫಿರದೋಸ್. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಒಂದಕ್ಕೆ ಬಂದು ಮಾಯವ್ವನ ಜೊತೆ ಚಿತ್ರ ಬರೆಯುತ್ತಾ ಕೂರುತ್ತಾಳೆ. ಮೊದಲೆರಡು ಸಲ ಇಬ್ಬರಲ್ಲೂ ಮಾತಿಲ್ಲ. ಇದಕ್ಕೂ ಸಂಬಳವೇ ಎಂದು ಗೊಣಗಿದ್ದೆ. ಮೂರನೆಯ ಸಲ ಹುಡುಗಿ ಯರಗಟ್ಟಿಯ ಬಸ್‌ಸ್ಟ್ಯಾಂಡು ಬರೆದಳು. ಅಲ್ಲಿ ಅವಳ ತಾಯಿ ‘ಇಲ್ಲೇ ಕುಂಡ್ರು, ಈಗ ಬರತೇನಿ’ ಎಂದು ಹೋದವಳು ಬರಲೇ ಇಲ್ಲ. ಇದನ್ನು ಫಿರದೋಸ್ ಹುಡುಗಿಯನ್ನು ಕೇಳಿಕೊಂಡೇ ನಮಗೆ ಹೇಳಿದಳು. ನಾನು ದಿನಾ ಬೆಳಿಗ್ಗೆ ಅವಳ ಬಾಯಿಂದ ಹೊರಡಿಸಲು ನೋಡಿದ್ದು ಅದೇ ಮಾತು! ಅತ್ತುಬಿಟ್ಟೆನಪ್ಪಾ.

‘ಬರೇ ಬರತೇನಿ ಅನಬ್ಯಾಡ್ರಿ ಅಮ್ಮಾರ. ಎಷ್ಟಕ್ಕ ಬರತೀರಿ ಹೇಳ್ರಿ, ಅಷ್ಟಕ್ಕ ಬರ್ರಿ. ಆಕಿಗೆ ಏನೂ ಅನ್ನಂತ ಒತ್ತಾಯ ಮಾಡಬ್ಯಾಡ್ರಿ’ ಎಂದಳು ಫಿರದೋಸ್. ಹೇಳಿದ್ದನ್ನು ತಾನೂ ಮಾಡುವವಳು ಅವಳು. ಒಮ್ಮೆ ದಾರಿಯಲ್ಲಿ ಬಸ್ಸು ಕೆಟ್ಟಿತು, ಉಳ್ಳಾಗಡ್ಡಿ ಹೇರಿದ ಟೆಂಪೋ ಹತ್ತಿ ಒಂದಕ್ಕೆ ಸರಿಯಾಗಿ ಬಂದಳು. ಮಾಯವ್ವ ಗಡಿಯಾರ ನೋಡಿದಳು, ಅವಳ ಮುಖ ನೋಡಿದಳು, ನಕ್ಕಳು. ಆಮೇಲೆ ವಾಂತಿ ನಿಂತಿತು. ಮೂರು ವಾರದಿಂದ ಶಾಲೆ ತಪ್ಪಿಲ್ಲ. ಸಮಿತಿಯವರ ಭಯವೂ ಅರ್ಧ ಇಳಿದಿದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಎಷ್ಟು ಮಕ್ಕಳಿಂದ ಕಾಪಿ ಬರೆಸಿದೆನೋ, ಅರ್ಥವಾದದ್ದು ಈಗ.

ಬೆನ್ನು ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ
ಸಿದ್ದಲಿಂಗವ್ವ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟೆ. ಫೋನಿನಲ್ಲಿ ‘ಲಗೂನ ಬರತೇನಿ ಮಾಯಾ’ ಅನ್ನುತ್ತೀಯಲ್ಲ, ಇನ್ನು ಬೇಡ. ರಜೆ ಸಿಕ್ಕ ಮೇಲೆ ತಾರೀಖು ಹೇಳು, ಅದೇ ತಾರೀಖಿಗೆ ಬಾ, ರೈಲಿನಲ್ಲಿ ನಿಂತುಕೊಂಡಾದರೂ ಸರಿ. ಇವತ್ತು ಬೆಳಿಗ್ಗೆ ಗೇಟಿನವರೆಗೆ ಹೋದವಳು ತಿರುಗಿ ಬಂದು, ಯಾರೂ ಹೇಳಿಕೊಡದೆ, ‘ಹೋಗಿ ಬರತೇನಿ ಅಜ್ಜಿ, ನಾಕೂವರಿಗೆ’ ಎಂದಳು. ನಾನು ನಾಲ್ಕಕ್ಕೇ ಕಟ್ಟೆಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಕಾಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ನಾಲ್ಕು ಇಪ್ಪತ್ತೆಂಟು. ಗೇಟು ಸದ್ದಾಯಿತು, ಬಂದಳು.