ಅಳಿಯನ ಶೂ ನೆನಪಿಟ್ಟುಕೊಂಡ ಮಂಡಿ

ಕೀಲು-ಮೂಳೆ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ, ಊರವರೆಲ್ಲ ಓದಲೆಂದೇ ಬರೆದದ್ದು

ಮಾನ್ಯರೇ,

ಈ ಪತ್ರವನ್ನು ನಾನು ನನ್ನ ಅಳಿಯನ ಶೂ ಹಾಕಿಕೊಂಡು ಬರೆಯುತ್ತಿದ್ದೇನೆ. ಬರೆಯುವುದು ಕೈ, ಕಾಲಿಗೇಕೆ ಶೂ ಎಂದು ತಾವು ಕೇಳಬಹುದು. ಶೂ ಬಿಚ್ಚಿದರೆ ಮಂಚದಿಂದ ಮೇಜಿನವರೆಗೆ ನೆಟ್ಟಗೆ ಬರಲು ನನ್ನಿಂದಾಗುವುದಿಲ್ಲ, ಅದಕ್ಕೆ. ಹಾಗಾಗುವಂತೆ ಮಾಡಿದವರು ತಾವು. ತಮ್ಮ ಕೇಂದ್ರ ನನ್ನ ಬಲಮಂಡಿಗೆ ಕೂರಿಸಿದ ಹೊಸ ಕೀಲು ನನಗೆ ಹೊಂದುವುದಿಲ್ಲ, ಅಳಿಯನ ಶೂಗೆ ಹೊಂದುತ್ತದೆ. ಈಗ ಇದೇ ಅಳತೆಯ ಮೇಲೆ ನನ್ನ ಅಕ್ಕನ ಕೀಲನ್ನೂ ಬರುವ ಸೋಮವಾರ ಕುಲುಮೆಗೆ ಹಾಕುತ್ತೀರಂತೆ. ಅದನ್ನು ನಿಲ್ಲಿಸಿ. ವಿಷಯ ಇಷ್ಟೇ. ಮಿಕ್ಕಿದ್ದು ಸಿಟ್ಟು. ಪುರುಸೊತ್ತಿದ್ದರೆ ಓದಿ, ಇಲ್ಲದಿದ್ದರೂ ಓದಿ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಆರನೇ ಕ್ಲಾಸಿನಲ್ಲೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿ ಬಂದವನು. ಹತ್ತಂತಸ್ತಿನ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದೇ ನನ್ನ ಉದ್ಯೋಗವಾಗಿತ್ತು. ನನ್ನಷ್ಟು ಎತ್ತರ ಏರಿದವರು ಈ ಊರಲ್ಲಿ ಇನ್ನೊಬ್ಬರಿಲ್ಲ, ಅದೂ ಒಂದು ಮೆಟ್ಟಿಲನ್ನೂ ತುಳಿಯದೆ. ಇಂಥವನ ಮಂಡಿ ಸವೆದದ್ದು ಹೇಗೆ ಎಂದು ತಮ್ಮ ಕತ್ತರಿ ಡಾಕ್ಟರನ್ನು ಕೇಳಿದೆ. ಕತ್ತರಿ ಡಾಕ್ಟರು ಎಂದರೆ ಕೊಯ್ಯುವವರು. ಪರದೆ ನೋಡಿಕೊಂಡು ಕೂರುವವರು ಬೇರೆ, ಅವರು ಆಮೇಲೆ ಬರುತ್ತಾರೆ. "ಬಳಸದೇ ಇದ್ರೂ ಸವೀತದೆ ಯಜಮಾನ್ರೇ" ಎಂದರು. ಹಾಗಾದರೆ ತಲೆಯ ಕಥೆಯೇನು ಎಂದು ಕೇಳುವವನಿದ್ದೆ. ಪಕ್ಕದಲ್ಲಿದ್ದ ಹೆಂಡತಿ ತೊಡೆ ಚಿವುಟಿದಳು. ಆ ಚಿವುಟಿಗೆ ಇಡೀ ಸಂಶೋಧನಾ ಕೇಂದ್ರ ಕೃತಜ್ಞವಾಗಿರಬೇಕು.

ಆಮೇಲೆ ತಮ್ಮ ಹೊಸ ಲೋಹದ ಬಗ್ಗೆ ಹೇಳಿದರು. ಸ್ಪಂಜಿನ ಹಾಗೆ ತೂತುತೂತಾಗಿರುತ್ತದಂತೆ, ಅದರೊಳಗೆ ನಮ್ಮ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತದಂತೆ. ಅದರ ನಡುವಿನ ಮೆತ್ತೆಗೆ ನೆನಪಿನ ಶಕ್ತಿ ಇದೆಯಂತೆ. ಕುಲುಮೆಯಲ್ಲಿ ಕಾಯಿಸುವಾಗ ಒಮ್ಮೆ ಒಂದು ನಡಿಗೆ ಕಲಿಸಿಬಿಟ್ಟರೆ, ಮೈಯ ಬಿಸಿ ತಾಗಿದಾಗಲೆಲ್ಲ ಆ ನಡಿಗೆಗೇ ತಿರುಗಿ ಬರುತ್ತದಂತೆ. ನನಗೆ ಕನ್ನಡಕ ಎಲ್ಲಿಟ್ಟೆನೆಂದು ನೆನಪಿರುವುದಿಲ್ಲ, ಮಂಡಿಗಾದರೂ ಇರಲಿ ಎಂದು ಒಪ್ಪಿಕೊಂಡೆ. ಅದು ಏನನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ತಾನೇ ಯಾರು ಹೇಳುತ್ತಿದ್ದರು?

ನಡಿಗೆ ಅಳೆಯುವ ದಿನಕ್ಕೆ ತಮ್ಮ ಕೇಂದ್ರದಿಂದ ಚೀಟಿ ಬಂತು. "ಶೂ ಧರಿಸಿ ಬರತಕ್ಕದ್ದು." ಮಾನ್ಯರೇ, ನಾನು ಹುಟ್ಟಿದಾರಭ್ಯ ಚಪ್ಪಲಿಯವನು. ಹೆಂಡತಿ ಬಾಗಿಲ ಬಳಿಯ ಗೂಡಿನಿಂದ ಅಳಿಯನ ಕರಿ ಶೂ ತೆಗೆದು ಮುಂದಿಟ್ಟಳು. "ಅವರಿನ್ನೂ ಮಲಗಿದಾರೆ. ಒಂದು ಗಳಿಗೆ ತಾನೇ? ಹಾಕ್ಕೊಂಡು ಹೋಗಿ ಬನ್ನಿ" ಎಂದಳು. ಎರಡು ಸೈಜು ದೊಡ್ಡದು. ಅದರೊಳಗೆ ನನ್ನ ಕಾಲು ಬಾವಿಗೆ ಬಿದ್ದ ಚೆಂಬಿನ ಹಾಗೆ ಆ ಕಡೆ ಈ ಕಡೆ ಬಡಿಯುತ್ತಿತ್ತು.

ತಮ್ಮ ಅಳತೆಯ ಕೋಣೆಯಲ್ಲಿ ಒಬ್ಬ ಹುಡುಗಿ ನನ್ನ ಕಾಲಿಗೆಲ್ಲ ಗೋಲಿಯಂಥ ಬಿಳಿ ಗುಂಡುಗಳನ್ನು ಅಂಟಿಸಿದಳು. ಸುತ್ತ ಎಲ್ಲಿ ನೋಡಿದರೂ ಕ್ಯಾಮೆರಾ. ಶೂ ಕಳಚದಂತೆ ಬೆರಳು ಮಡಚಿ ಹಿಡಿಯಬೇಕು, ತುದಿ ನೆಲಕ್ಕೆ ತಾಗದಂತೆ ಮಂಡಿ ಮೇಲೆತ್ತಬೇಕು, ಆಮೇಲೆ ಹಿಮ್ಮಡಿಯನ್ನು ಧಪ್ ಎಂದು ಇಳಿಸಬೇಕು. ಮಲಗಿದ ನಾಯಿಯನ್ನು ದಾಟುವವನ ಹಾಗೆ ನಡೆದೆ.

"ನೋಡಮ್ಮ, ಈ ಶೂ ನನ್ನ..." ಎಂದೆ.

"ಮಾತಾಡಬೇಡಿ ತಾತ, ಮೈ ಅಲ್ಲಾಡಿದ್ರೆ ಅಳತೆ ಕೆಡುತ್ತೆ."

"ಅದಲ್ಲಮ್ಮ, ಇದು ನಮ್ಮ ಅಳಿ..."

"ತಾತ, ಪ್ಲೀಸ್!"

ಇಷ್ಟು ಮಾತು ಕ್ಯಾಮೆರಾಗಳಲ್ಲೇ ದಾಖಲಾಗಿರಬೇಕು, ತರಿಸಿ ನೋಡಿ. ಹೇಳಲು ಬಂದವನ ಬಾಯಿ ಮುಚ್ಚಿಸಿದವರು ಯಾರು? ಕೂದಲೆಳೆಯ ಅಂತರವನ್ನೂ ಬಿಡದ ಯಂತ್ರಗಳ ಮಧ್ಯೆ, ಈ ಶೂ ಯಾರದು ಎಂದು ಕೇಳುವ ಯಂತ್ರ ಒಂದೂ ಇರಲಿಲ್ಲವೇ?

ಇನ್ನು ಪರದೆ ಇಂಜಿನಿಯರು. ನನ್ನ ಅಳತೆಗಳನ್ನೆಲ್ಲ ಗಣಕಕ್ಕೆ ತುಂಬಿ, ಒಳಗೆ ಒಬ್ಬ ಮೂಳೆಮನುಷ್ಯನನ್ನು ಮಾಡಿ ಓಡಾಡಿಸಿದರು. "ಇವನು ನಿಮ್ಮ ಅವಳಿ" ಎಂದರು. ನಮ್ಮಮ್ಮ ಹೆತ್ತದ್ದು ಅಕ್ಕನನ್ನು ಮತ್ತು ನನ್ನನ್ನು, ಅದೂ ಎಂಟು ವರ್ಷದ ಅಂತರದಲ್ಲಿ. ಈ ಮೂರನೆಯವನನ್ನು ಅಂದು ಮೊದಲ ಸಲ ನೋಡಿದೆ. ಅವನೂ ನಾಯಿ ದಾಟುತ್ತಲೇ ಇದ್ದ. ಇಂಜಿನಿಯರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ಮಂಡಿ ಎತ್ತುವ ಮುದುಕನನ್ನು ಅವರು ಕಂಡೇ ಇರಲಿಲ್ಲವಂತೆ, ಈ ನಡಿಗೆಯಲ್ಲಿ ಕೀಲಿನ ಮೇಲೆ ಭಾರ ಬೀಳುವುದೇ ಕಡಿಮೆಯಂತೆ. ಅದಕ್ಕೊಂದು ಉದ್ದನೆಯ ಹೆಸರಿಟ್ಟರು, ಪ್ರಬಂಧ ಬರೆದರು, ತಮ್ಮ ಕೇಂದ್ರಕ್ಕೆ ಬಹುಮಾನ ಬಂತು. ಸಮಾರಂಭದಲ್ಲಿ ತಾವೇ ನನ್ನ ಕೈ ಕುಲುಕಿದಿರಿ. ಅಂದು ಕಣ್ಣನ್ನು ಸ್ವಲ್ಪ ಕೆಳಗಿಳಿಸಿ, ಅದೇ ಶೂ ತೊಟ್ಟು ಬಂದಿದ್ದ ನನ್ನ ಕಾಲು ನೋಡಿದ್ದರೆ ಬಹುಮಾನ ಯಾರಿಗೆ ಸಲ್ಲಬೇಕೆಂದು ತಿಳಿಯುತ್ತಿತ್ತು. ಚಮ್ಮಾರನಿಗೆ.

ಆಪರೇಷನ್ ಆಯಿತು. ನೋವು ಹೋಯಿತು. ಹೋಗಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಮಂಡಿಯೊಳಗೆ ಮರಳು ಅರೆದಂತಾಗುತ್ತಿದ್ದದ್ದು ನಿಂತೇ ಹೋಯಿತು. ಅದಕ್ಕೆ ಕತ್ತರಿ ಡಾಕ್ಟರ ಕೈ ತಣ್ಣಗಿರಲಿ. ಆದರೆ ಎದ್ದು ಚಪ್ಪಲಿ ಮೆಟ್ಟಿ ಒಂದು ಹೆಜ್ಜೆ ಇಟ್ಟೆ ನೋಡಿ, ಮಂಡಿ ತನ್ನಷ್ಟಕ್ಕೆ ಮೇಲೆದ್ದಿತು! ಇಲ್ಲದ ಹೊಸ್ತಿಲು ದಾಟಿತು. ಚಪ್ಪಲಿ ಹಾರಿ ಅಡುಗೆಮನೆಯ ಬಾಗಿಲಿಗೆ ಬಡಿಯಿತು. ಒಳಗಿಂದ ಮಗಳು "ಅಪ್ಪಾ, ಏನು ಬೇಕೋ ಬಾಯಲ್ಲಿ ಕೇಳು!" ಎಂದು ಕೂಗಿದಳು. ಬರಿಗಾಲಲ್ಲೂ ಅದೇ ಗತಿ. ಅಳಿಯನ ಶೂ ಹಾಕಿದೆನೋ, ಮಂಡಿ ಎತ್ತಿದಷ್ಟನ್ನೂ ಶೂವಿನ ಭಾರ ಕೆಳಗೆಳೆದು ಸರಿದೂಗಿಸುತ್ತದೆ, ಮದುಮಗನ ಹಾಗೆ ನಡೆಯುತ್ತೇನೆ. ಈಗ ಸ್ನಾನದ ಮನೆಗೂ ಶೂ, ಹಾಸಿಗೆಯವರೆಗೂ ಶೂ.

ಅದೇ ಸೈಜಿನ ಹೊಸ ಜೊತೆ ತರಿಸಿ ನೋಡಿದೆ. ಆಗಲಿಲ್ಲ. ಅಳಿಯ ಕಾಲು ಹೊರಕ್ಕೆ ತಿರುಗಿಸಿ ನಡೆಯುವ ಮನುಷ್ಯ, ಅವನ ಬಲಗಾಲಿನ ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿದೆ. ತಮ್ಮ ಲೋಹಕ್ಕೆ ಆ ಸವಕಳಿಯೂ ನೆನಪಿದೆ. ಆಹಾ, ಎಂಥ ನೆನಪು! ಇದನ್ನು ಯಾವುದಾದರೂ ಪುಣ್ಯಾತ್ಮರು ಕಚೇರಿಯ ಸಾಹೇಬರ ತಲೆಗೆ ಹಾಕಿದ್ದರೆ ನನ್ನ ಪಿಂಚಣಿ ಎಂದೋ ಬರುತ್ತಿತ್ತು.

ಅಳಿಯನಿಗೆ ಇರುವುದು ಆ ಒಂದೇ ಒಳ್ಳೆಯ ಜೊತೆ. ಮೊನ್ನೆ ಬಾಗಿಲಲ್ಲಿ ನಿಂತು, "ಮಾವ, ಇವತ್ತು ದೊಡ್ಡ ಸಾಹೇಬರ ಮೀಟಿಂಗ್ ಇದೆ, ಶೂ ಬೇಕಿತ್ತು" ಎಂದು ಮೆಲ್ಲಗೆ ಕೇಳಿದ.

"ಬಲಗಾಲಿನದು ಈಗ ನನ್ನ ಮೂಳೆಯ ಲೆಕ್ಕಕ್ಕೆ ಸೇರಿದೆ ಅಳಿಯಂದ್ರೇ. ಬೇಕಾದ್ರೆ ಎಡಗಾಲಿನದು ತಗೊಳ್ಳಿ."

"ಒಂದು ಶೂ ಇಟ್ಕೊಂಡು ನಾನೇನ್ ಮಾಡ್ಲಿ ಮಾವ?"

"ಜೋಪಾನವಾಗಿಡಿ. ನನ್ನ ಎಡಮಂಡಿಯೂ ಸವೀತಾ ಇದೆ."

ಅವನು ಚಪ್ಪಲಿಯಲ್ಲೇ ಮೀಟಿಂಗಿಗೆ ಹೋದ. ಅಂದಿನಿಂದ ಮಗಳು ನನ್ನ ತಟ್ಟೆಯನ್ನು ಸ್ವಲ್ಪ ಸದ್ದು ಮಾಡಿ ಇಡುತ್ತಾಳೆ.

ಇಷ್ಟೇ ಆಗಿದ್ದರೆ ನನ್ನ ಹಣೆಬರಹವೆಂದು ಸುಮ್ಮನಿರುತ್ತಿದ್ದೆ. ಆದರೆ ಹೋದ ವಾರ ತಪಾಸಣೆಗೆಂದು ತಮ್ಮ ಕೇಂದ್ರಕ್ಕೆ ಬಂದಾಗ, ಕಾಯುವ ಕೋಣೆಯಲ್ಲಿ ಕಂಡದ್ದನ್ನು ಕೇಳಿ. ಬೇಕರಿಯ ಯಜಮಾನರೊಬ್ಬರು ನೀರು ಕುಡಿಯಲು ಎದ್ದರು. ನಾಯಿ ದಾಟಿದರು. ನಿವೃತ್ತ ಸ್ಕೂಲ್ ಮೇಡಂ ಒಬ್ಬರು ಕರೆ ಬಂತೆಂದು ಎದ್ದರು. ಅವರೂ ನಾಯಿ ದಾಟಿದರು. ಗೋಡೆಯ ಬದಿಯಲ್ಲಿ ಇನ್ನಿಬ್ಬರು ಕೈ ಹಿಡಿದುಕೊಂಡು ಒಂದೇ ನಾಯಿಯನ್ನು ಒಟ್ಟಿಗೆ ದಾಟುತ್ತಿದ್ದರು. ಎಲ್ಲರದ್ದೂ ನನ್ನ ನಡಿಗೆ!

ಬೇಕರಿಯವರ ಪಕ್ಕ ಹೋಗಿ ಕೂತೆ. "ಬರಿಗಾಲಲ್ಲಿ ಆಗಲ್ಲ, ಅಲ್ವಾ?"

"ಹ್ಞೂಂ ಯಜಮಾನ್ರೇ, ನಿಮಗ್ಹೇಗೆ ಗೊತ್ತಾಯ್ತು? ಯಾರ ನಡಿಗೆ ಕದ್ದು ತಂದ್ರಿ ಅಂತ ಹೆಂಡ್ತಿ ದಿನಾ ಬಯ್ತಾಳೆ."

"ಅದು ನಮ್ಮ ಅಳಿಯಂದ್ರ ಶೂದು" ಎಂದು, ಬಲಗಾಲಿನದನ್ನು ಕಳಚಿ ಕೈಗಿಟ್ಟೆ.

ಹಾಕಿಕೊಂಡರು. ನೀರಿನ ನಲ್ಲಿಯವರೆಗೆ ಹೋಗಿ ಬಂದರು. ನೆಟ್ಟಗೆ, ಸಲೀಸಾಗಿ! ಅವರ ಮುಖ ನೋಡಬೇಕಿತ್ತು ತಾವು. "ಮೇಡಂ, ನೀವೂ ಹಾಕ್ಕೊಂಡು ನೋಡಿ" ಎಂದು ಕರೆದರು. ಮೇಡಂ ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ಹಾಕಿಕೊಂಡರು. ಆಮೇಲೆ ಬಿಚ್ಚಲು ಒಪ್ಪಲಿಲ್ಲ. "ನಂದಾದ್ಮೇಲೆ ನಿಮ್ದು, ಸಾಲಲ್ಲಿ ನಿಂತ್ಕೊಳ್ರೀ!" ಎಂದು ಮಕ್ಕಳನ್ನು ಗದರಿದ ಹಾಗೆ ಗದರಿದರು. ಒಂದು ಶೂ ಸುತ್ತ ಅಷ್ಟು ಜನ ಸಾಲುಗಟ್ಟಿ ನಿಂತರು. ನರ್ಸಮ್ಮ ಓಡಿ ಬಂದು "ಇದೇನ್ ಆಸ್ಪತ್ರೆನೋ ಶೂ ಅಂಗಡಿನೋ?" ಎಂದು ಕೂಗಿದರು. ಎರಡೂ ಹೌದು ಎಂದೆ.

ಗದ್ದಲಕ್ಕೆ ಪರದೆ ಇಂಜಿನಿಯರು ಹೊರಗೆ ಬಂದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಾವಧಾನವಾಗಿ ಕೇಳಿದರು, ಬಯ್ಯಲು ಬರುವಂತಿಲ್ಲ. ಕೊನೆಗೆ ಹೇಳಿದ್ದು: "ಸರ್, ನಮ್ಮ ಮಾದರಿಯಲ್ಲಿ ಶೂ ಅನ್ನೋ ಅಂಶವೇ ಇಲ್ಲ."

"ಅದನ್ನೇ ತಾನೇ ನಾನೂ ಬಡ್ಕೊಳ್ತಿರೋದು?"

"ಆದ್ರೆ ನಿಮ್ಮ ಅವಳಿ ಚೆನ್ನಾಗೇ ನಡೀತಿದಾನೆ."

"ಹಾಗಾದ್ರೆ ಅಂಗಡಿಗೆ ಇನ್ಮೇಲೆ ಅವನನ್ನೇ ಕಳ್ಸಿ."

ಮೊದಲ ರೋಗಿ ನಾನಾದ್ದರಿಂದ ನನ್ನ ನಡಿಗೆಯೇ ಎಲ್ಲರ ಅಚ್ಚು ಎಂದು ಅಂದೇ ತಿಳಿದದ್ದು. ಉಳಿದವರ ಎತ್ತರ, ತೂಕ ಕೇಳಿ, ಮಿಕ್ಕಿದ್ದನ್ನು ನನ್ನ ಅವಳಿಯಿಂದ ತುಂಬಿಸುತ್ತಾರಂತೆ. ಹಾಗೆ ಮಾಡಿದರೆ ಕೆಲಸ ಬೇಗ ಆಗುತ್ತದಂತೆ. ಆಗದೇ ಏನು? ಊರಿಗೆಲ್ಲ ಒಂದೇ ಕನ್ನಡಕ ಹಂಚಿದರೆ ಇನ್ನೂ ಬೇಗ ಆಗುತ್ತದೆ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವಳು. ನಮ್ಮ ಮೇಲಿನ ಮನೆಯಲ್ಲೇ ಇದ್ದಾಳೆ. ಅವಳ ನಡಿಗೆ ಹೀಗೆ: ಟಪಟಪ ಎರಡು ಹೆಜ್ಜೆ, ಮಾತು ಮುಗಿಸಲು ಒಂದು ನಿಲುಗಡೆ, ಆಮೇಲೆ ಬಲಗಾಲಿನ ಚಪ್ಪಲಿ ಸರ್ರೆಂದು ಎಳೆಯುವ ಸದ್ದು. ಜೊತೆಗೆ ಯಾರೂ ಇಲ್ಲದಿದ್ದರೂ ಮಾತಾಡಿಕೊಂಡೇ ಇಳಿಯುತ್ತಾಳೆ. ಮಾತು ನಿಂತರೆ ಕಾಲೂ ನಿಲ್ಲುತ್ತದೆ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ನನ್ನನ್ನು ಹೊಡೆದು ಬಡಿದು ಸಾಕಿದವಳು ಅವಳು. ಆ ಸದ್ದು ಕೇಳಿದರೆ ಈ ವಯಸ್ಸಿನಲ್ಲೂ ನಾನು ಸಿಗರೇಟು ಆರಿಸಿ, ಕೈ ಬೀಸಿ ಹೊಗೆ ಓಡಿಸುತ್ತೇನೆ. ಮಂಡಿ ನೋವಿನಿಂದ ಅವಳು ಕೆಳಗಿಳಿದು ತಿಂಗಳುಗಳಾದವು. ಸಿಗರೇಟು ಪೂರ್ತಿ ಸೇದಿ ಮುಗಿಸುತ್ತಿದ್ದೇನೆ, ಒಂದರಲ್ಲೂ ರುಚಿಯಿಲ್ಲ.

ಶೂ ಕಥೆ ಹೇಳಲು ನಾನೇ ಮೇಲೆ ಹೋದೆ. ಮೊದಲು ನಂಬಲಿಲ್ಲ.

"ಸುಮ್ನಿರೋ, ಅಷ್ಟು ಓದಿದೋರಿಗೆ ಗೊತ್ತಾಗಲ್ವಾ? ನಿನ್ನ ಕಾಲೇ ಸೊಟ್ಟ, ಚಿಕ್ಕೋನಿದ್ದಾಗಿಂದ."

"ನಿನ್ನ ನಡಿಗೆ ಅಳತೆ ತಗೊಂಡ್ರೇನಕ್ಕ?"

"ಇಲ್ವಲ್ಲ. ಎತ್ತರ ಕೇಳಿದ್ರು, ತೂಕ ಕೇಳಿದ್ರು. ಮಿಕ್ಕಿದ್ದು ಮಾದರಿಯಲ್ಲಿದೆ ಅಂದ್ರು."

"ಆ ಮಾದರಿ ನಾನು ಕಣಕ್ಕ."

ಅಕ್ಕ ಬಗ್ಗಿ ನನ್ನ ಕಾಲಿನ ಶೂ ನೋಡಿದಳು. ಆಮೇಲೆ, "ಅಂದ್ರೆ ಇರೋಷ್ಟು ದಿನ ನಾನು ನಿನ್ನ ಥರ ಧಪ್ ಧಪ್ ಅಂತ ಓಡಾಡ್ಬೇಕಾ?" ಎಂದಳು.

"ನನ್ನ ಥರ ಕೂಡ ಅಲ್ಲ, ಅಳಿಯಂದ್ರ ಶೂ ಥರ."

"ಬೇಡಪ್ಪ ಬೇಡ. ಹೀಗೇ ಕಿಟಕಿ ಹತ್ರ ಕೂತಿರ್ತೀನಿ ಬಿಡು" ಎಂದು ಕಾಲಿನ ಮೇಲೆ ಚಾದರ ಎಳೆದುಕೊಂಡಳು.

ಮಾನ್ಯರೇ, ಇದು ನನ್ನಿಂದ ಸಹಿಸಲಾಗುವುದಿಲ್ಲ. ಅವಳಿಗೆ ತಮ್ಮ ಲೋಹ ಬೇಕೇ ಬೇಕು. ನೋವು ಹೋಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಆದರೆ ಆ ಲೋಹ ಏನನ್ನಾದರೂ ನೆನಪಿಟ್ಟುಕೊಳ್ಳಲೇಬೇಕೆಂದಿದ್ದರೆ, ನಮ್ಮಕ್ಕನನ್ನು ನೆನಪಿಟ್ಟುಕೊಳ್ಳಲಿ.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ಅಲ್ಲ, ಕೇಳಿಕೊಳ್ಳುವುದಿಲ್ಲ, ಹೇಳುತ್ತಿದ್ದೇನೆ: ಸೋಮವಾರದ ಕುಲುಮೆ ಹೊತ್ತಿಸಬೇಡಿ. ಅಕ್ಕನನ್ನು ಗಾಡಿ ಕಳಿಸಿ ಕರೆಸಿ. ಅವಳ ಸ್ವಂತ ಹಳೆ ಚಪ್ಪಲಿಯಲ್ಲೇ ನಡೆಸಿ. ನೋವಿಗೆ ಮೊದಲೊಂದು ಇಂಜೆಕ್ಷನ್ ಕೊಟ್ಟು ನಡೆಸಿ; ಕುಂಟುವುದನ್ನೇ ಅವಳ ನಡಿಗೆ ಎಂದುಕೊಂಡು ಅಚ್ಚು ಹಾಕಿಬಿಟ್ಟೀರಿ, ತಮ್ಮನ್ನು ನಂಬುವಂತಿಲ್ಲ. ಆ ಬಿಳಿ ಗುಂಡಿನ ಹುಡುಗಿಗೆ ಮೊದಲೇ ಹೇಳಿರಿ, ಅಪ್ಪಿತಪ್ಪಿಯೂ "ಮಾತಾಡಬೇಡಿ" ಎನ್ನಕೂಡದು. ಅಕ್ಕ ಬಾಯಿ ತೆರೆದೇ ನಡೆಯಬೇಕು. ಕ್ಯಾಮೆರಾಗಳಿಗೆ ಕಿವಿ ಇದ್ದರೆ ಅದನ್ನೂ ಅಳೆಯಲಿ.

ನನ್ನದು ಬಿಡಿ. ನನ್ನ ಮೂಳೆ ಆಗಲೇ ಆ ತೂತುಗಳೊಳಗೆ ಬೆಳೆದಾಗಿದೆ, ಇನ್ನು ಕೀಳುವ ಹಾಗಿಲ್ಲ. ಸಾಯುವವರೆಗೂ ಈ ಶೂನಲ್ಲೇ ಓಡಾಡುತ್ತೇನೆ. ಅಳಿಯನಿಗೊಂದು ಹೊಸ ಜೊತೆ ಕೊಡಿಸಿಬಿಡಿ, ತಟ್ಟೆಯ ಸದ್ದಾದರೂ ನಿಲ್ಲಲಿ. ನನಗೆ ಬೇಕಿರುವ ಸದ್ದು ಬೇರೆ. ಟಪಟಪ, ಒಂದು ನಿಲುಗಡೆ, ಸರ್ರ್. ಮೆಟ್ಟಿಲಲ್ಲಿ ಅದು ಮತ್ತೆ ಕೇಳಿಸಿ, ನಾನು ಗಡಬಡಿಸಿ ಅರ್ಧ ಸೇದಿದ ಸಿಗರೇಟನ್ನು ಹೂಕುಂಡದಲ್ಲಿ ಹುದುಗಿಸಬೇಕು. ಯಾರು ಇಳಿದು ಬರುತ್ತಿದ್ದಾರೆಂದು ತಲೆ ಎತ್ತಿ ನೋಡಬೇಕಾದ ಸ್ಥಿತಿ ನನಗೆ ಬಾರದಿರಲಿ.

ಇಂತಿ,
ಮಂಡಿ ತಮ್ಮದು, ಶೂ ಅಳಿಯನದು, ಸಿಟ್ಟು ಮಾತ್ರ ಸ್ವಂತದ್ದಾಗಿ ಉಳಿದಿರುವ
ತಮ್ಮ ಮೊದಲನೆಯ ಮಾದರಿ