ಅಣ್ಣ ತಲೆಯಾಡಿಸಿದ್ದು

ಸುವಾನಿ, ಅಮೆರಿಕ,
೧೪ ಅಕ್ಟೋಬರ್ ೧೯೯೬

ಶ್ರೀದೇವಿ ಅತ್ತಿಗೆಗೆ ನಮಸ್ಕಾರ,

ಅಣ್ಣ ಕೆರೆಯಲ್ಲಿ ತೀರಿಕೊಂಡದ್ದು ಅವನದೇ ತಪ್ಪಿನಿಂದ ಎಂದು ನಾನು ಕೆಲಸ ಮಾಡುವ ಡೈವಿಂಗ್ ಸ್ಕೂಲಿನವರು ನಿಮಗೆ ಬರೆದಿರುವುದು ಸುಳ್ಳು. ಆರು ವಾರದ ಕೋರ್ಸನ್ನು ಅವರು ಎರಡು ವೀಕೆಂಡಿಗೆ ಇಳಿಸಿದ್ದರು. ಎಷ್ಟು ಸರ್ಟಿಫಿಕೇಟೋ ಅಷ್ಟು ಲಾಭ. "ಮುಳುಗಿ ಏಳೋದು ಕಲಿಸ್ತೀರೋ, ಬರೀ ಮುಳುಗಿಸ್ತೀರೋ?" ಅಂತ ಅಣ್ಣ ಸೇರುವಾಗಲೇ ರೇಗಿಸಿದ್ದ. ನಾನೂ ನಕ್ಕಿದ್ದೆ.

ಮಾಸ್ಕಿನೊಳಗೆ ನೀರು ನುಗ್ಗಿದರೆ ಮೂಗಿನಿಂದ ಊದಿ ಹೊರಹಾಕುವುದು ಅವನಿಗೆ ಬರಲೇ ಇಲ್ಲ. "ಗೊತ್ತಾಯ್ತಾ?" ಎಂದು ಮೇಷ್ಟ್ರು ಕೇಳಿದಾಗ ನಮ್ಮ ಕಡೆಯವರ ಹಾಗೆ ತಲೆಯನ್ನು ಅತ್ತಿತ್ತ ಓಲಾಡಿಸಿದ. ಅಮೆರಿಕದ ಮೇಷ್ಟ್ರು, ಅದು ಹೌದೋ ಅಲ್ಲವೋ ತಿಳಿಯದೆ, ಸಹಾಯಕ್ಕಿದ್ದ ನನ್ನ ಮುಖ ನೋಡಿದರು. "ತಿಳೀಲಿಲ್ಲ, ಆದ್ರೆ ನಿಮ್ಮನ್ನ ಕಾಯಿಸೋದು ಬೇಡ" ಎನ್ನುವ ತಲೆಯಾಟ ಅದು. ನನಗೆ ಗೊತ್ತಿತ್ತು. ಹೊರಗೆ ಮುಂದಿನ ಬ್ಯಾಚು ನಿಂತಿತ್ತು. ನಾನು "ಯೆಸ್" ಅಂದೆ, ಕಲಿತಿದ್ದಾನೆ ಎಂದು ಅವನ ಲಾಗ್ ಪುಸ್ತಕದಲ್ಲಿ ಸಹಿಯನ್ನೂ ಹಾಕಿದೆ.

ಮರುವಾರ ಕೆರೆಯ ತಳದಲ್ಲಿ ಅವನ ಮಾಸ್ಕಿಗೆ ನೀರು ನುಗ್ಗಿತು.

ಏನೇನು ಕಲಿಸಿದರೆಂದು ಬರೆದಿಡುವ ಆ ಲಾಗ್ ಪುಸ್ತಕ ನಿಮ್ಮಲ್ಲಿದೆ. ಸ್ಕೂಲಿನವರು ಕೇಳಿದರೆ ಕೊಡಬೇಡಿ, ವಕೀಲರಿಗೇ ಕೊಡಿ. ಮೂರನೇ ಪುಟದಲ್ಲಿ ನನ್ನ ಸಹಿ ಇದೆ. ಮೈದುನನದು ಎಂದು ಆ ಪುಟ ಹರಿಯಬೇಡಿ.

ಇಂತಿ,
ಧೀರಜ್